ದಂತಮೂಲ

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದೊಂದು ಹೆಸರುಂಟು. ಮೊದಲು ಮೊಟ್ಟೆಯಾಗಿ, ಅನಂತರ ಮರಿಯಾಗಿ ಹುಟ್ಟುವುದರಿಂದ ಹಕ್ಕಿಯು ದ್ವಿಜ. ಉಪನಯನ ಸಂಸ್ಕಾರದಿಂದ ಎರಡನೆಯ ಜನ್ಮವನ್ನು ಪಡೆಯುವವನು ದ್ವಿಜ. ಹಾಲುಹಲ್ಲಾಗಿ ಬಿದ್ದು ಮತ್ತೆ ಮೂಡುವುದರಿಂದ ಹಲ್ಲೂ ದ್ವಿಜ. ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕರು ಈ ಮೂರು ಅರ್ಥಗಳನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುವರು. ಆದರೆ ಆ ಹೆಸರಿನೊಳಗೆ ಒಂದು ಎಚ್ಚರಿಕೆಯೂ ಅಡಗಿದೆ. ಎರಡು ಜನ್ಮವೆಂದ ಮೇಲೆ ಮೂರನೆಯದು ಇಲ್ಲವೆಂದೇ ಅರ್ಥ. ಏಳೆಂಟನೆಯ ವಯಸ್ಸಿನಲ್ಲಿ ಮೂಡಿದ ಮುಂದಿನ ಹಲ್ಲು, ಮನುಷ್ಯನು ಎಂಬತ್ತು ವರ್ಷ ಬದುಕಿದರೆ, ಎಪ್ಪತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ದುಡಿಯಬೇಕಾಗುತ್ತದೆ. ಇಷ್ಟು ದೀರ್ಘವಾದ ಸೇವೆಯನ್ನು ಪಡೆಯುವವರು ಅದರ ಯೋಗಕ್ಷೇಮವನ್ನು ಎಷ್ಟರ ಮಟ್ಟಿಗೆ ವಿಚಾರಿಸುತ್ತಾರೆಂಬುದು ಬೇರೆಯ ಮಾತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಕೇಳದವರಿಲ್ಲ. ಊಟವು ಒಳಗೆ ಹೋಗುವ ಬಾಗಿಲೂ ಮಾತು ಹೊರಗೆ ಬರುವ ಬಾಗಿಲೂ ಒಂದೇ. ಆ ಬಾಗಿಲಿಗೆ ಮೂವತ್ತೆರಡು ಮಂದಿ ಕಾವಲುಗಾರರು. ಕಾವಲುಗಾರನ ಉಡುಪು ಬೆಳ್ಳಗಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುವವರು ಬಹಳ. ಅವನು ನಿಂತಿರುವ ನೆಲವು ಗಟ್ಟಿಯಾಗಿದೆಯೇ ಎಂದು ಕೇಳುವವರು ವಿರಳ. ಹುಳುಕು ಹಲ್ಲಿನ ನೋವು ಮನುಷ್ಯನನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುತ್ತದೆ; ಆದುದರಿಂದ ಅದಕ್ಕೆ ಚಿಕಿತ್ಸೆ ದೊರೆಯುತ್ತದೆ. ವಸಡಿನ ರೋಗವು ಯಾರನ್ನೂ ಎಬ್ಬಿಸುವುದಿಲ್ಲ. ಅದು ಗೆದ್ದಲಿನಂತೆ ಸದ್ದಿಲ್ಲದೆ ಬುಡವನ್ನು ತಿನ್ನುತ್ತಾ ಹೋಗುತ್ತದೆ. ಒಂದು ದಿನ ಹಲ್ಲು ಅಲುಗಿದಾಗ, ವಯಸ್ಸಾಯಿತು ಎಂದು ಮನೆಯವರೆಲ್ಲರೂ ಸಮಾಧಾನ ಹೇಳಿಕೊಳ್ಳುತ್ತಾರೆ. ವಯಸ್ಸಿನ ಮೇಲೆ ಹೊರಿಸಿದ ಅಪವಾದಗಳಲ್ಲಿ ಇದರಷ್ಟು ಅನ್ಯಾಯವಾದುದು ಇನ್ನೊಂದಿಲ್ಲ.

ಹಲ್ಲು ಎಲುಬಿನಲ್ಲಿ ಮೊಳೆ ಹೊಡೆದಂತೆ ನಾಟಿಕೊಂಡಿರುವುದೆಂದು ಸಾಮಾನ್ಯರ ತಿಳಿವಳಿಕೆ. ವಸ್ತುಸ್ಥಿತಿಯು ಹಾಗಿಲ್ಲ. ದವಡೆಯೆಲುಬಿನಲ್ಲಿ ಪ್ರತಿಯೊಂದು ಹಲ್ಲಿನ ಬೇರಿಗೂ ಒಂದು ಗೂಡುಂಟು. ಬೇರಿಗೂ ಗೂಡಿನ ಗೋಡೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ಎಡೆಯಿದ್ದು, ಅದರಲ್ಲಿ ಅಸಂಖ್ಯಾತವಾದ ಸಣ್ಣ ನಾರುಗಳು ಹಲ್ಲನ್ನು ತೊಟ್ಟಿಲಿನಂತೆ ತೂಗಿ ಹಿಡಿದಿರುತ್ತವೆ. ಅಗಿಯುವಾಗ ಬೀಳುವ ಭಾರವನ್ನು ಈ ನಾರುಗಳೇ ಹೊತ್ತು ಎಲುಬಿಗೆ ಹಂಚುತ್ತವೆ. ಅನ್ನದಲ್ಲಿ ಸಿಕ್ಕಿದ ಮರಳಿನ ಕಣವನ್ನು ತಟಕ್ಕನೆ ಗುರುತಿಸುವ ಸೂಕ್ಷ್ಮವೂ ಇವುಗಳಲ್ಲಿರುವ ನರಗಳದೇ. ಎಲ್ಲಕ್ಕೂ ಮೇಲೆ ವಸಡು ಕೊರಳಪಟ್ಟಿಯಂತೆ ಹಲ್ಲಿನ ಕುತ್ತಿಗೆಯನ್ನು ಬಿಗಿದಪ್ಪಿರುತ್ತದೆ. ಆ ಪಟ್ಟಿಗೂ ಹಲ್ಲಿಗೂ ನಡುವೆ ಇರುವ ಸಣ್ಣ ಬಿರುಕಿನ ಆಳವು ಆರೋಗ್ಯದಲ್ಲಿ 1ರಿಂದ 3 ಮಿಲಿಮೀಟರು. ಈ ಬಿರುಕೇ ರೋಗದ ಹೆಬ್ಬಾಗಿಲು.

ಪ್ರಾಚೀನರು ಇದನ್ನು ಅರಿಯದೆ ಇರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮುಖರೋಗಗಳು 65 ಎಂದು ಎಣಿಸಿದೆ. ಅವುಗಳಲ್ಲಿ ಹಲ್ಲಿಗೆ ಸೇರಿದವು 8. ದಂತಮೂಲಕ್ಕೆ, ಎಂದರೆ ವಸಡಿಗೂ ಬುಡಕ್ಕೂ ಸೇರಿದವು 15. ಹಲ್ಲಿಗಿಂತ ಹಲ್ಲಿನ ಬುಡಕ್ಕೇ ಸುಮಾರು ಇಮ್ಮಡಿ ರೋಗಗಳೆಂದು ಆ ಆಚಾರ್ಯನು ಕಂಡುಕೊಂಡಿದ್ದನು. ವಸಡು ಮೆತ್ತಗಾಗಿ, ದುರ್ಗಂಧದಿಂದ ಕೂಡಿ, ಕಾರಣವಿಲ್ಲದೆ ರಕ್ತವನ್ನು ಸುರಿಸುವ ರೋಗಕ್ಕೆ ಶೀತಾದವೆಂದು ಹೆಸರು. ಕೀವೂ ರಕ್ತವೂ ಒಸರಿ ಹಲ್ಲುಗಳು ಅಲುಗತೊಡಗಿದರೆ ಅದು ದಂತವೇಷ್ಟ. ಹಲ್ಲಿನ ಮೇಲೆ ಕೊಳೆಯು ಮರಳಿನಂತೆ ಗಟ್ಟಿಯಾಗಿ ಕೂತರೆ ದಂತಶರ್ಕರಾ. ಈ ಶರ್ಕರೆಯನ್ನು ವಸಡಿಗೆ ನೋವಾಗದಂತೆ ಕೆರೆದು ತೆಗೆಯಬೇಕೆಂದು ಚಿಕಿತ್ಸಾಸ್ಥಾನದ ವಿಧಿ. ಸುಶ್ರುತನು ಹೇಳಿರುವ ಇಪ್ಪತ್ತು ಶಸ್ತ್ರಗಳಲ್ಲಿ ದಂತಶಂಕು ಎಂಬುದೂ ಒಂದು. ಇಂದಿನ ದಂತವೈದ್ಯರ ಮೇಜಿನ ಮೇಲಿರುವ ಕೊಕ್ಕೆಯಂತಹ ಸಲಕರಣೆಗಳನ್ನು ನೋಡಿದವರಿಗೆ ಇದು ಅಪರಿಚಿತವೆನಿಸಲಾರದು.

ಪ್ರಾಚೀನರಿಗೆ ಕಾಣದೆ ಉಳಿದದ್ದು ರೋಗದ ಕರ್ತೃಗಳು. 1683ರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬ ಬಟ್ಟೆವ್ಯಾಪಾರಿಯು ತನ್ನ ಹಲ್ಲಿನ ಸಂದಿನಿಂದ ಬಿಳಿಯ ಲೋಳೆಯನ್ನು ತೆಗೆದು, ತಾನೇ ಉಜ್ಜಿ ಮಾಡಿದ ಮಸೂರದ ಕೆಳಗಿಟ್ಟು ನೋಡಿದನು. ಅದರಲ್ಲಿ ಅಸಂಖ್ಯಾತವಾದ ಜೀವಿಗಳು ಓಡಾಡುತ್ತಿದ್ದವು. ಈ ಸಂಗತಿಯನ್ನು ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದನು. ಆ ಲೋಳೆಯೇ ಈಗ ದಂತವೈದ್ಯರು ಪ್ಲಾಕ್ ಎಂದು ಕರೆಯುವ, ಜನರು ಪಾಚಿಯೆನ್ನುವ ಪದಾರ್ಥ. ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಕಟ್ಟತೊಡಗುತ್ತದೆ. ಹಾಗೆಯೇ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶವು ಅದರಲ್ಲಿ ಸೇರಿ ಕೆಲವು ದಿನಗಳಲ್ಲಿ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಯಾವ ಕಡ್ಡಿಗೂ ಯಾವ ಪುಡಿಗೂ ಅದು ಜಗ್ಗದು.

ಪಾಚಿಯೇ ವಸಡಿನ ಉರಿಯೂತಕ್ಕೆ ಕಾರಣವೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿತವಾದುದು 1965ರಲ್ಲಿ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲ್ಯೋ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿದರು. 10ರಿಂದ 21 ದಿನಗಳೊಳಗಾಗಿ ಹನ್ನೆರಡು ಮಂದಿಯ ವಸಡುಗಳೂ ಕೆಂಪಾಗಿ ಊದಿಕೊಂಡವು. ಮತ್ತೆ ಉಜ್ಜಲಾರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲವೂ ಮೊದಲಿನಂತಾದವು. ಈ ಘಟ್ಟದಲ್ಲಿ ರೋಗವು ಸಂಪೂರ್ಣವಾಗಿ ಹಿಂದಿರುಗುವಂತಹದು; ಮನೆಯ ಮದ್ದೇ ಸಾಕು.

ಆದರೆ ಕೆಲವರಲ್ಲಿ ಅದು ಅಲ್ಲಿಗೇ ನಿಲ್ಲುವುದಿಲ್ಲ. ಊತದಿಂದ ಸಡಿಲವಾದ ವಸಡಿನ ಬಿರುಕು ಚೀಲದಂತೆ ಆಳವಾಗುತ್ತದೆ. ಆಳಕ್ಕೆ ಇಳಿದ ಕ್ರಿಮಿಗಳನ್ನು ಹೊಡೆದೋಡಿಸಲು ದೇಹವು ತನ್ನ ಸೇನೆಯನ್ನು ಕಳುಹಿಸುತ್ತದೆ. ಆ ಯುದ್ಧದಲ್ಲಿ ನಾಶವಾಗುವುದು ಶತ್ರುವಿಗಿಂತ ಹೆಚ್ಚಾಗಿ ಸ್ವಂತ ಊರೇ: ನಾರುಗಳು ಹರಿಯುತ್ತವೆ, ಗೂಡಿನ ಎಲುಬು ಕರಗುತ್ತದೆ. ನೋವು ಮಾತ್ರ ಇಲ್ಲ. ಎಲ್ಲರಿಗೂ ಇದು ಒಂದೇ ಪ್ರಮಾಣದಲ್ಲಿ ಆಗುವುದಿಲ್ಲವೆಂಬುದಕ್ಕೆ ಅದೇ ಲ್ಯೋ ಮೊದಲಾದವರು 1970ರಲ್ಲಿ ಸಿಂಹಳದ್ವೀಪದ ಟೀ ತೋಟಗಳಲ್ಲಿ ಆರಂಭಿಸಿದ ಪರಿಶೀಲನೆಯು ಸಾಕ್ಷಿ. ದಂತವೈದ್ಯರ ಮುಖವನ್ನೇ ಕಾಣದ 480 ಮಂದಿ ಕೂಲಿಗಾರರನ್ನು ವರ್ಷಗಳವರೆಗೆ ಪರೀಕ್ಷಿಸಿ 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರ ಬಾಯಲ್ಲಿಯೂ ಪಾಚಿಯಿದ್ದರೂ ಶೇಕಡ 11ರಷ್ಟು ಮಂದಿಗೆ ಎಲುಬಿನ ತನಕ ರೋಗವು ಇಳಿಯಲಿಲ್ಲ. ಶೇಕಡ 81ರಷ್ಟು ಮಂದಿಗೆ ನಿಧಾನವಾಗಿ ಇಳಿಯಿತು. ಶೇಕಡ 8ರಷ್ಟು ಮಂದಿಗೆ ಅತಿ ವೇಗದಲ್ಲಿ ಇಳಿಯಿತು. ತಾನು ಯಾವ ಗುಂಪಿಗೆ ಸೇರಿದವನೆಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ನೆರೆಮನೆಯ ಮುದುಕನು ಏನೂ ಮಾಡದೆ ತೊಂಬತ್ತರಲ್ಲಿ ಕಬ್ಬು ಸಿಗಿಯುತ್ತಿದ್ದನೆಂಬ ದೃಷ್ಟಾಂತವು ಆದುದರಿಂದಲೇ ಇನ್ನೊಬ್ಬನಿಗೆ ಉಪಯೋಗಕ್ಕೆ ಬಾರದು.

ಮಲೆನಾಡಿನ ಒಂದು ಅಗ್ರಹಾರದಲ್ಲಿ ವೇದಪಾಠ ಹೇಳುತ್ತಿದ್ದ ಶಾಸ್ತ್ರಿಗಳೊಬ್ಬರ ವೃತ್ತಾಂತವು ಇದಕ್ಕೆ ಸಲ್ಲುತ್ತದೆ. ಅವರಿಗೆ ಅರವತ್ತು ಸಮೀಪಿಸಿತ್ತು. ಒಂದು ಹಲ್ಲೂ ಹುಳುಕಿರಲಿಲ್ಲ. ಬೆಳಗಾಗೆದ್ದು ಮಾವಿನೆಲೆ ಉಪ್ಪುಗಳಲ್ಲಿ ಹಲ್ಲುಜ್ಜುವುದು, ಊಟವಾದ ಮೇಲೆ ಹೊಗೆಸೊಪ್ಪು ಸೇರಿಸಿದ ಕವಳ ಹಾಕುವುದು, ಇವೆರಡೂ ನಾಲ್ವತ್ತು ವರ್ಷಗಳಿಂದ ತಪ್ಪಿದ್ದಿಲ್ಲ. ಉಜ್ಜುವಾಗ ರಕ್ತ ಕಂಡರೆ ಉಷ್ಣವಾಗಿದೆಯೆಂದು ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದರು. ಎದುರಿಗೆ ಕುಳಿತ ವಟುಗಳು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸರಿದು ಕೂರುತ್ತಿದ್ದುದನ್ನು ಅವರು ಭಯಭಕ್ತಿಯೆಂದು ಎಣಿಸಿದರು. ಮುಂದಿನ ಹಲ್ಲುಗಳ ನಡುವೆ ಮೊದಲು ಇರದಿದ್ದ ಸಂದು ಬಿಟ್ಟಿತು. ನಗು ಬಂದರೆ ಉತ್ತರೀಯದ ಅಂಚು ತಾನಾಗಿಯೇ ಬಾಯಿಗೆ ಹೋಗುವುದು ಅಭ್ಯಾಸವಾಯಿತು.

ವೇದದ ಉಚ್ಚಾರಣೆಯಲ್ಲಿ ಹಲ್ಲಿನ ಸ್ಥಾನವೇನೆಂಬುದನ್ನು ಇಲ್ಲಿ ಹೇಳಬೇಕು. ತವರ್ಗವನ್ನು ನುಡಿಯುವಾಗ ನಾಲಗೆಯ ತುದಿಯು ಹಲ್ಲಿನ ಬುಡಗಳನ್ನು ಮುಟ್ಟಬೇಕೆಂದು ತೈತ್ತಿರೀಯ ಪ್ರಾತಿಶಾಖ್ಯದ ವಿಧಿ. ಸಕಾರವೂ ಅದೇ ಸ್ಥಾನದ್ದು. ವೈದ್ಯರ ದಂತಮೂಲವೂ ವೈದಿಕರ ದಂತಮೂಲವೂ ಒಂದೇ ಶಬ್ದ, ಒಂದೇ ಜಾಗ. ಶಾಸ್ತ್ರಿಗಳ ಮುಂದಿನ ಹಲ್ಲುಗಳು ಸಡಿಲವಾದಂತೆ ಅವರ ಸಕಾರದ ಜೊತೆಗೆ ಸಣ್ಣದೊಂದು ಸಿಳ್ಳು ಹೊರಡತೊಡಗಿತು. ಅದು ಅವರ ಕಿವಿಗೆ ಬೀಳಲಿಲ್ಲ. ಒಂದು ಸಂಜೆ ಹತ್ತು ವರ್ಷದ ವಟುವೊಬ್ಬನು ಜಗಲಿಯಲ್ಲಿ ಸಂಥೆಯನ್ನು ಒಪ್ಪಿಸುತ್ತಿದ್ದನು. ಸ್ವರವು ಸರಿ, ಮಾತ್ರೆಯು ಸರಿ. ಆದರೆ ಪ್ರತಿಯೊಂದು ಸಕಾರಕ್ಕೂ ಆ ಹುಡುಗನು ತಪ್ಪದೆ ಸಿಳ್ಳು ಹಾಕುತ್ತಿದ್ದನು. ಹುಡುಗನ ಹಲ್ಲು ಮುತ್ತಿನಂತೆ ಇದ್ದಿತು. ಅವನು ಗುರುವಿನ ಬಾಯಿಂದ ಬಂದುದನ್ನು ಬಂದಂತೆಯೇ ಕಲಿತಿದ್ದನು. ಪುಸ್ತಕವನ್ನು ನೋಡದೆ ಕಿವಿಯಿಂದ ಕಿವಿಗೆ ದಾಟಿಬಂದ ವಿದ್ಯೆಯಲ್ಲಿ ಗುರುವಿನ ಸಡಿಲವಾದ ಹಲ್ಲೂ ಪರಂಪರೆಗೆ ಸೇರಿಹೋಗುವುದೆಂದು ಶಾಸ್ತ್ರಿಗಳಿಗೆ ಅಂದು ಅರಿವಾಯಿತು. ಮರುದಿನದಿಂದ ಅವರು ಪಾಠವನ್ನು ನಿಲ್ಲಿಸಿದರು.

ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ವಿಷಯವನ್ನು ತಿಳಿದುಕೊಂಡವಳು ಸೊಸೆ. ಆಕೆ ವೀಣೆ ನುಡಿಸುವವಳು. “ಮಾವ, ವೀಣೆಯ ಮೆಟ್ಟಿಲು ಅಲುಗಿದರೆ ವೀಣೆಯನ್ನು ಅಟ್ಟಕ್ಕೆ ಹಾಕುತ್ತಾರೆಯೇ? ಹೊಸ ಮೇಣವಿಟ್ಟು ಮೇಳ ಕಟ್ಟಿಸುತ್ತಾರೆ” ಎಂದಳು. “ಮೇಣವೇ ಉಳಿದಿಲ್ಲವಮ್ಮ” ಎಂದು ಶಾಸ್ತ್ರಿಗಳು ಮುಖ ತಿರುಗಿಸಿದರು. “ಉಳಿದಿದೆಯೋ ಇಲ್ಲವೋ ಕಟ್ಟುವವರು ನೋಡಿ ಹೇಳಲಿ” ಎಂದು ಆಕೆ ಬಿಡಲಿಲ್ಲ. ಜಿಲ್ಲಾ ಪಟ್ಟಣದ ದಂತವೈದ್ಯೆಯು ಗುರುತುಗಳುಳ್ಳ ತೆಳುವಾದ ಕಡ್ಡಿಯೊಂದನ್ನು ಪ್ರತಿಯೊಂದು ಹಲ್ಲಿನ ಸುತ್ತ ಆರಾರು ಕಡೆ ಇಳಿಸಿ ಅಳತೆಗಳನ್ನು ಹೇಳುತ್ತಾ ಬಂದಳು: ಮೂರು, ಐದು, ಏಳು, ಆರು. ಎಕ್ಸ್‌ರೇ ಚಿತ್ರದಲ್ಲಿ ಕೆಳಗಿನ ಮುಂದಿನ ಹಲ್ಲುಗಳು ನೆರೆ ಇಳಿದ ಮೇಲೆ ಹೊಳೆದಂಡೆಯಲ್ಲಿ ಬೇರು ಬಿಟ್ಟುಕೊಂಡು ನಿಂತ ಮರಗಳಂತೆ ಕಂಡವು. “ಶಾಸ್ತ್ರಿಗಳೇ, ಹಲ್ಲುಗಳಿಗೆ ಏನೂ ಆಗಿಲ್ಲ. ಹೋಗಿರುವುದು ಅವುಗಳ ನೆಲ” ಎಂದು ಆಕೆ ಹೇಳಿದಳು. ರಕ್ತಪರೀಕ್ಷೆ ಮಾಡಿಸಿದಾಗ ಮಧುಮೇಹವೂ ಹೊರಬಿದ್ದಿತು.

ಇವೆರಡು ರೋಗಗಳ ನೆಂಟಸ್ತನವು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದಿರುವ ವಿಷಯ. ಸಕ್ಕರೆಯು ಹತೋಟಿಯಲ್ಲಿಲ್ಲದವನ ವಸಡು ಬೇಗ ಕೆಡುತ್ತದೆ. ವಸಡಿನಲ್ಲಿ ಉರಿಯೂತವಿರುವವನ ಸಕ್ಕರೆಯು ಸುಲಭವಾಗಿ ಹತೋಟಿಗೆ ಬಾರದು. ಒಂದಕ್ಕೆ ಮಾಡಿದ ಚಿಕಿತ್ಸೆಯಿಂದ ಇನ್ನೊಂದಕ್ಕೂ ಅಷ್ಟಿಷ್ಟು ಉಪಕಾರವಾಗುತ್ತದೆ. ಹೊಗೆಸೊಪ್ಪಿನ ವಿಷಯವು ಇನ್ನೂ ಮೋಸದ್ದು. ಬೀಡಿ ಸಿಗರೇಟು ಸೇದುವವನ ವಸಡಿನ ರಕ್ತನಾಳಗಳು ಸಂಕುಚಿತವಾಗುವುದರಿಂದ ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ರಕ್ತ ಕಾಣದು. ಎಚ್ಚರಿಸುವ ಗಂಟೆಯ ನಾಲಗೆಯನ್ನೇ ಕಿತ್ತಂತಾಗುತ್ತದೆ. ಅಗಿಯುವ ಹೊಗೆಸೊಪ್ಪು ತಾನು ಕೂತ ಜಾಗದ ವಸಡನ್ನು ಕೆಳಕ್ಕೆ ಸರಿಸುತ್ತದೆ. ಅಡಕೆಯು ಕನ್ನಡನಾಡಿನ ಎಷ್ಟೋ ಮನೆಗಳ ಅನ್ನದ ಮೂಲವೆಂಬುದು ನಿಜ. ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲವೆಂಬುದೂ ನಿಜ. ಆದರೂ ದಿನವೂ ಅಗಿಯುವವರ ಕೆನ್ನೆಯ ಒಳಪದರವು ಗಡುಸಾಗಿ ಬಾಯಿ ತೆರೆಯಲಾಗದ ರೋಗವು ಅಡಕೆಯಿಂದ ಬರುವುದೆಂದೂ, ಅಡಕೆಯು ತಾನೇ ಕ್ಯಾನ್ಸರಿಗೆ ಕಾರಣವೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಮಂಗಳಕ್ಕೆ ಮುಟ್ಟುವುದು ಬೇರೆ, ಚಟಕ್ಕೆ ಅಗಿಯುವುದು ಬೇರೆ.

ಶಾಸ್ತ್ರಿಗಳಿಗೆ ನಡೆದ ಚಿಕಿತ್ಸೆಯ ಕ್ರಮವು ಹೀಗೆ. ಮೊದಲು ವಸಡಿನ ಮೇಲಣ ಮತ್ತು ಕೆಳಗಣ ಕಲ್ಲನ್ನು ತೆಗೆಯುವುದು. ಇದಕ್ಕೆ ಸ್ಕೇಲಿಂಗ್ ಎಂದು ಹೆಸರು. ಆಳವಾದ ಚೀಲಗಳಿದ್ದ ಕಡೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟು ಬೇರಿನ ಮೈಯನ್ನೂ ನಯಗೊಳಿಸಿದರು. ಕೆಲವು ವಾರಗಳ ಅನಂತರ ಮತ್ತೆ ಅಳೆದಾಗ ಹೆಚ್ಚಿನ ಕಡೆಗಳಲ್ಲಿ ಐದು ಆರು ಇದ್ದ ಆಳವು ಮೂರು ನಾಲ್ಕಕ್ಕೆ ಇಳಿದಿದ್ದಿತು. ಇಳಿಯದಿದ್ದ ಕಡೆಗಳಲ್ಲಿ ವಸಡನ್ನು ಬಿಡಿಸಿ, ಕಣ್ಣಾರೆ ಕಂಡು ಶುದ್ಧಿಮಾಡಿ, ಮತ್ತೆ ಹೊಲಿದರು. ಒಂದು ದವಡೆಹಲ್ಲಿನ ಪಕ್ಕದಲ್ಲಿ ಎಲುಬು ಬಾವಿಯಂತೆ ಕುಳಿಬಿದ್ದಿತ್ತು. ಸುತ್ತ ಗೋಡೆಯಿದ್ದುದರಿಂದ ಅದರೊಳಗೆ ಎಲುಬಿನ ಪುಡಿಯನ್ನು ತುಂಬಿ ಮೇಲೆ ತೆಳುವಾದ ಪೊರೆಯನ್ನು ಹೊದಿಸಿದರು. ಇಂತಹ ಕುಳಿಗಳಲ್ಲಿ ಎಲುಬು ಸ್ವಲ್ಪಮಟ್ಟಿಗೆ ಮತ್ತೆ ತುಂಬಿಕೊಳ್ಳುವುದುಂಟು. ಆದರೆ ದಡವೇ ಕೊಚ್ಚಿಹೋದಂತೆ ಸಮನಾಗಿ ತಗ್ಗಿದ ಎಲುಬು ಹಿಂದಕ್ಕೆ ಬಾರದು. ತೀರ ಸಡಿಲವಾಗಿದ್ದ ಕೆಳಗಿನ ಎರಡು ಹಲ್ಲುಗಳನ್ನು ತೆಗೆಯಲೇಬೇಕಾಯಿತು. ಆ ಜಾಗಕ್ಕೆ ಕಟ್ಟುಹಲ್ಲು ಬಂದಿತು. ಎಲ್ಲಕ್ಕಿಂತ ಕಷ್ಟವಾದುದು ಶಸ್ತ್ರವಲ್ಲ, ಕವಳವನ್ನು ಬಿಡುವುದು. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ಪಾಠವು ಮತ್ತೆ ಆರಂಭವಾದಾಗ ಶಾಸ್ತ್ರಿಗಳು ಹೊಸ ಅನುವಾಕಕ್ಕೆ ಕೈಹಾಕಲಿಲ್ಲ. ಆ ಹುಡುಗನನ್ನು ಹತ್ತಿರಕ್ಕೆ ಕರೆದು ಕೂರಿಸಿಕೊಂಡು, ಅವನು ಕಲಿತಿದ್ದುದನ್ನು ಮೊದಲಿನಿಂದ ತಿದ್ದಿದರು. ಕಲಿತುದನ್ನು ಮರೆಸಿ ಕಲಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಎರಡು ತಿಂಗಳಲ್ಲಿ ಸಿಳ್ಳು ಹೋಯಿತು. ಈ ಸಲ ಹುಡುಗನು ಹಿಂದಕ್ಕೆ ಸರಿಯಲಿಲ್ಲ.

ಈ ಚಿಕಿತ್ಸೆಯ ವಿಷಯದಲ್ಲಿ ಜನರಲ್ಲಿ ಒಂದು ಭಯವುಂಟು: ಕಲ್ಲನ್ನು ಕೆರೆದು ತೆಗೆದರೆ ಹಲ್ಲು ಸಡಿಲವಾಗುವುದು, ಸಂದು ಅಗಲವಾಗುವುದು ಎಂದು. ಇದಕ್ಕೆ ಒಂದು ಕಾರಣವೂ ಇದೆ. ಎಲುಬು ಕರಗಿದ ಹಲ್ಲುಗಳ ನಡುವೆ ಕಲ್ಲು ಗಾರೆಯಂತೆ ತುಂಬಿಕೊಂಡು ಅವುಗಳನ್ನು ತಾತ್ಕಾಲಿಕವಾಗಿ ಬಿಗಿದಿರುತ್ತದೆ. ಗಾರೆ ಹೋದೊಡನೆ ಮೊದಲೇ ಇದ್ದ ಬಿರುಕು ಕಣ್ಣಿಗೆ ಬೀಳುತ್ತದೆ. ಊದಿದ ವಸಡು ಇಳಿದು ಹಲ್ಲು ಉದ್ದವಾದಂತೆ ತೋರುತ್ತದೆ. ಕೆಲವು ದಿನ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಇವು ರೋಗದ ಗಾಯದ ಗುರುತುಗಳೇ ಹೊರತು ಚಿಕಿತ್ಸೆಯ ದೋಷಗಳಲ್ಲ. ಆ ಗಾರೆಯೇ ಗೋಡೆಯನ್ನು ತಿನ್ನುತ್ತಿದ್ದಿತೆಂಬುದನ್ನು ಮರೆತು, ಅದನ್ನು ಕೆಡವಿದವನನ್ನು ದೂರುವುದು ಸರಿಯಲ್ಲ.

ಹಲ್ಲೆಲ್ಲವೂ ಹೋದ ಮೇಲೆ ಏನಾಗುವುದೆಂಬುದನ್ನೂ ಯೋಚಿಸಬೇಕು. ಸಂಸ್ಕೃತದಲ್ಲಿ ದವಡೆಗೆ ಹನುವೆಂದು ಹೆಸರು. ಇಂದ್ರನ ವಜ್ರದಿಂದ ಎಡದವಡೆ ಮುರಿದುದರಿಂದಲೇ ಆಂಜನೇಯನಿಗೆ ಹನುಮಂತನೆಂಬ ಹೆಸರಾಯಿತೆಂದು ರಾಮಾಯಣದ ಕಥೆ. ವಜ್ರದ ಪೆಟ್ಟನ್ನು ತಡೆದುಕೊಂಡ ಆ ದವಡೆಯೂ ಹಲ್ಲಿಲ್ಲದೆ ಹೋಗಿದ್ದರೆ ಸವೆಯುತ್ತಿತ್ತೇನೋ. ಹಲ್ಲನ್ನು ಹಿಡಿಯುವ ಎಲುಬಿನ ದಿಣ್ಣೆಯು ಹಲ್ಲಿಗಾಗಿಯೇ ಇರುವುದು. ಹಲ್ಲು ಹೋದರೆ ಅದೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದೂ, ಮುದುಕರ ಗಲ್ಲವು ಮೂಗಿನ ಹತ್ತಿರಕ್ಕೆ ಬರುವುದೂ ಇದರಿಂದಲೇ. 1952ರಲ್ಲಿ ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿಜ್ಞಾನಿಯು ಮೊಲದ ಎಲುಬಿನಲ್ಲಿ ಟೈಟಾನಿಯಂ ಲೋಹದ ಸಲಕರಣೆಯನ್ನು ಕೂರಿಸಿ, ಪ್ರಯೋಗವು ಮುಗಿದ ಮೇಲೆ ತೆಗೆಯಹೋದಾಗ, ಎಲುಬು ಅದನ್ನು ತನ್ನದೆಂದೇ ಭಾವಿಸಿ ಬೆಸೆದುಕೊಂಡಿದ್ದಿತು. 1965ರಲ್ಲಿ ದವಡೆಯ ವಿಕಲತೆಯಿಂದ ಬಳಲುತ್ತಿದ್ದ ಯೋಸ್ಟಾ ಲಾರ್ಸನ್ ಎಂಬವನಿಗೆ ಅಂತಹ ಲೋಹದ ಬೇರುಗಳನ್ನು ನಾಟಿದರು. 2006ರಲ್ಲಿ ಅವನು ತೀರಿಕೊಳ್ಳುವ ತನಕವೂ ಅವು ಉಳಿದಿದ್ದವು. ದ್ವಿಜಕ್ಕೆ ಮೂರನೆಯ ಜನ್ಮವನ್ನು ಮನುಷ್ಯನು ಹೀಗೆ ಕಲ್ಪಿಸಿದ್ದಾನೆ. ಆದರೂ ಈ ಜನ್ಮಕ್ಕೆ ವೆಚ್ಚವು ಅಧಿಕ. ನಾಟಲು ಎಲುಬು ಉಳಿದಿರಬೇಕು. ಪಾಚಿಯನ್ನು ತೆಗೆಯದಿದ್ದರೆ ಲೋಹದ ಬೇರಿನ ಸುತ್ತಲಿನ ಎಲುಬೂ ಕರಗುತ್ತದೆ.

ಆದುದರಿಂದ ತಡೆಯುವ ಮಾರ್ಗವೇ ಉತ್ತಮ, ಅದು ಅತಿ ಅಗ್ಗವೂ ಹೌದು. ಹಲ್ಲನ್ನು ದಿನಕ್ಕೆ ಎರಡು ಸಲ ಶುಚಿ ಮಾಡಬೇಕೆಂದೂ, ಹಾಗೆ ಮಾಡುವಾಗ ವಸಡಿಗೆ ಪೆಟ್ಟಾಗಬಾರದೆಂದೂ ಚರಕಸಂಹಿತೆಯು ವಿಧಿಸಿದೆ. ಹನ್ನೆರಡು ಅಂಗುಲದ, ಕಿರುಬೆರಳ ಗಾತ್ರದ ಕಡ್ಡಿಯ ತುದಿಯನ್ನು ಮೆತ್ತಗೆ ಜಜ್ಜಿ ಉಜ್ಜಬೇಕೆಂದೂ, ಕಹಿಗಳಲ್ಲಿ ಬೇವು ಶ್ರೇಷ್ಠವೆಂದೂ ಸುಶ್ರುತನ ಮತ. ಬೆಳಗಿನ ಸಲವನ್ನು ಎಲ್ಲರೂ ಪಾಲಿಸುತ್ತಾರೆ. ರಾತ್ರಿಯ ಸಲವು ಅನೇಕ ಮನೆಗಳಲ್ಲಿ ಬಿಟ್ಟುಹೋಗಿದೆ. ಇದ್ದಿಲು, ಇಟ್ಟಿಗೆಯ ಪುಡಿ ಮೊದಲಾದುವು ಹಲ್ಲನ್ನು ಸವೆಸುತ್ತವೆಯಲ್ಲದೆ ಬೇರೆ ಉಪಕಾರ ಮಾಡವು. ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ ಸಾವಧಾನದಿಂದ ಆಡಿಸುವುದು, ಬ್ರಷ್ಷು ಹೋಗದ ಸಂದುಗಳನ್ನು ನೂಲಿನಿಂದಲೋ ಸಂದಿನ ಸಣ್ಣ ಬ್ರಷ್ಷಿನಿಂದಲೋ ದಿನಕ್ಕೊಮ್ಮೆ ಶುಚಿ ಮಾಡುವುದು, ವರ್ಷಕ್ಕೆ ಒಂದೆರಡು ಸಲ ವೈದ್ಯರಿಗೆ ತೋರಿಸುವುದು, ಒಮ್ಮೆ ರೋಗ ಬಂದವರು ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸುವುದು, ಇಷ್ಟೇ ಕರ್ತವ್ಯ. ರಕ್ತ ಬಂದಿತೆಂದು ಉಜ್ಜುವುದನ್ನು ಬಿಡುವುದು ವಿಪರೀತಕ್ರಮ; ರಕ್ತ ಬರುವ ಜಾಗವೇ ಹೆಚ್ಚು ಶುಚಿಯನ್ನು ಬೇಡುತ್ತದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲವೆಂಬ ಗಾದೆಯಲ್ಲಿ ಲೋಕವು ವಿಧಿಯನ್ನು ದೂರುತ್ತ ಬಂದಿದೆ. ಕಡಲೆಯನ್ನು ಒದಗಿಸುವುದು ಎಲ್ಲರ ಕೈಯಲ್ಲಿಯೂ ಇಲ್ಲದಿರಬಹುದು. ಹಲ್ಲನ್ನು ಉಳಿಸಿಕೊಳ್ಳುವುದಾದರೋ ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಇದೆ. ಮನೆಯ ಹಿರಿಯರು ನಗುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುತ್ತಿದ್ದರೆ, ಅದು ಸಂಕೋಚವೆಂದು ಸುಮ್ಮನಾಗದೆ, ಉಜ್ಜುವಾಗ ರಕ್ತ ಬರುತ್ತದೆಯೇ ಎಂದು ಕಿರಿಯರು ಒಂದು ಮಾತು ಕೇಳುವುದು ಒಳ್ಳೆಯದು.